ವ್ಯೋಮನೌಕೆಯ ಚಿಲಕ, ಕೊಂಡಿ, ಕೊಳವೆಗಳು

ರಾಕೆಟ್ಟು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಶ್ರೀಹರಿಕೋಟಾದ ಉಡಾವಣಾ ವೇದಿಕೆ, ಬೆಂಕಿಯನ್ನುಗುಳುತ್ತ ಮೇಲೇರುವ ಎತ್ತರದ ವಾಹನ, ನಿಯಂತ್ರಣ ಕೊಠಡಿಯಲ್ಲಿ ಚಪ್ಪಾಳೆ ತಟ್ಟುವ ವಿಜ್ಞಾನಿಗಳು. ಆ ಮಹಾಕಾಯವು ಸಾವಿರಾರು ಸಣ್ಣ ವಸ್ತುಗಳ ಕೂಟವೆಂಬ ಸಂಗತಿ ನಮ್ಮ ಗಮನಕ್ಕೆ ಬರುವುದು ಅಪರೂಪ. ತಿರುಪು, ಕೊಂಡಿ, ಕವಾಟ, ಕೊಳವೆ, ರಬ್ಬರಿನ ಬಳೆ, ಬೆಸುಗೆಯ ಗೆರೆ, ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ನೂರಾರು ಕೋಟಿ ರೂಪಾಯಿಗಳ ಶ್ರಮ ಕ್ಷಣಾರ್ಧದಲ್ಲಿ ಹೊಗೆಯಾಗಬಲ್ಲದು. ಒಳಗೆ ಮನುಷ್ಯರು ಕುಳಿತಿದ್ದರಂತೂ ಅದು ಹಣದ ಲೆಕ್ಕಕ್ಕೆ ಮೀರಿದ ವಿಷಯ. ಸರಕಾರಗಳು ಮಾತ್ರ ನಡೆಸುತ್ತಿದ್ದ ಬಾಹ್ಯಾಕಾಶಯಾನವು ಕಳೆದ ಎರಡು ದಶಕಗಳಲ್ಲಿ ಖಾಸಗಿ ಸಂಸ್ಥೆಗಳ ಉದ್ಯಮವೂ ಆಗಿದೆ. ಅದರಿಂದ ಈ ಸಣ್ಣ ವಸ್ತುಗಳನ್ನು ಆರಿಸುವ, ತಯಾರಿಸುವ, ಪರೀಕ್ಷಿಸುವ ರೀತಿಯೇ ಬದಲಾಗಿದೆ. ಆ ಬದಲಾವಣೆಯನ್ನು ಕುರಿತು ನಾಲ್ಕು ಮಾತುಗಳನ್ನು ಓದುಗರೊಡನೆ ಹಂಚಿಕೊಳ್ಳಬಯಸುತ್ತೇವೆ.

ಒಂದು ಚಿಲಕದ ಸಂಗತಿಯಿಂದ ಆರಂಭಿಸೋಣ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಸಾಮಾನು ಪೆಟ್ಟಿಗೆಗಳಿಗೆ ಅಮೆರಿಕದ ನಾಸಾ ಬಳಸುತ್ತಿದ್ದ ಚಿಲಕವೊಂದರ ಬೆಲೆ ಸುಮಾರು 1,500 ಡಾಲರ್. ಅದರೊಳಗೆ ಇಪ್ಪತ್ತಕ್ಕೂ ಹೆಚ್ಚು ಬಿಡಿಭಾಗಗಳಿದ್ದವು. ನಿಲ್ದಾಣಕ್ಕೆ ಸಾಮಾನು ಸಾಗಿಸುವ ಗುತ್ತಿಗೆ ಪಡೆದ ಸ್ಪೇಸ್‌ಎಕ್ಸ್ ಎಂಬ ಖಾಸಗಿ ಸಂಸ್ಥೆಯವರು ಶೌಚಾಲಯದ ಬಾಗಿಲಿನ ಚಿಲಕವನ್ನು ನೋಡಿ, ಅದೇ ಮಾದರಿಯಲ್ಲಿ 30 ಡಾಲರಿನ ಚಿಲಕವೊಂದನ್ನು ಮಾಡಿಕೊಂಡರು. ಇದು ಆ ಸಂಸ್ಥೆಯವರೇ ಹೇಳಿರುವ ಮಾತು. ಸಂತೆಯಲ್ಲಿ ಎಂಟಾಣೆಗೂ ಚೌಕಾಸಿ ಮಾಡಿದ ನಮ್ಮ ಹಿರಿಯ ತಾಯಂದಿರು ಇದನ್ನು ಕೇಳಿದ್ದರೆ, ಐವತ್ತು ಪಟ್ಟು ಹೆಚ್ಚು ಕೊಟ್ಟವರು ಯಾರೆಂದು ನಕ್ಕುಬಿಡುತ್ತಿದ್ದರು. ಆದರೆ ಪೆಟ್ಟಿಗೆಯ ಚಿಲಕ ಮುರಿದರೆ ಪೆಟ್ಟಿಗೆ ತೆರೆದುಕೊಳ್ಳುತ್ತದೆ, ಅಷ್ಟೆ. ಇಂಧನದ ತೊಟ್ಟಿಯೊಳಗಿನ ಕೊಂಡಿ ಮುರಿದರೆ ಇಡೀ ರಾಕೆಟ್ಟೇ ಸಿಡಿಯುತ್ತದೆ. ಇವುಗಳಲ್ಲಿ ಯಾವುದು ಚಿಲಕ, ಯಾವುದು ಪ್ರಾಣವನ್ನು ಹೊತ್ತ ಕೊಂಡಿ ಎಂದು ಬೇರ್ಪಡಿಸುವ ವಿವೇಚನೆಯ ಮೇಲೆಯೇ ಈ ಹೊಸ ಎಂಜಿನಿಯರಿಂಗ್ ನಿಂತಿದೆ ಎಂಬುದು ನಮ್ಮ ತಿಳಿವಳಿಕೆ.

ಹಳೆಯ ಪದ್ಧತಿಯ ಮರ್ಮ

ಹಿಂದಿನವರು ಅಷ್ಟೊಂದು ಬೆಲೆ ತೆತ್ತದ್ದು ಸುಮ್ಮನೆ ಅಲ್ಲ. ಆಕಾಶದಲ್ಲಿ ದುರಸ್ತಿ ಅಂಗಡಿಯಿಲ್ಲ. ಒಮ್ಮೆ ಮೇಲೇರಿದ ಉಪಗ್ರಹವನ್ನು ಕೈಯಿಂದ ಮುಟ್ಟುವ ಅವಕಾಶ ಸಾಮಾನ್ಯವಾಗಿ ಮತ್ತೆ ದೊರೆಯುವುದಿಲ್ಲ. ಆದುದರಿಂದ ಪ್ರತಿಯೊಂದು ವಸ್ತುವಿಗೂ ಒಂದು ವಂಶಾವಳಿ ಇರಬೇಕೆಂದು ಅವರು ನಿಯಮ ಮಾಡಿದರು. ಈ ಲೋಹ ಯಾವ ಕುಲುಮೆಯಲ್ಲಿ ಕರಗಿತು, ಯಾವ ದಿನ ಎರಕವಾಯಿತು, ಯಾರು ಅಳೆದರು, ಯಾರು ಸಹಿ ಹಾಕಿದರು ಎಂಬುದೆಲ್ಲ ಕಾಗದದ ಮೇಲೆ ದಾಖಲಾಗುತ್ತಿತ್ತು. ವಸ್ತುವಿನ ತೂಕಕ್ಕಿಂತ ಅದರ ಕಾಗದಪತ್ರಗಳ ತೂಕವೇ ಹೆಚ್ಚೆಂಬ ವಿನೋದದ ಮಾತು ಎಂಜಿನಿಯರರಲ್ಲಿ ಬಳಕೆಯಲ್ಲಿತ್ತು. ಬಾಹ್ಯಾಕಾಶದ ವಿಕಿರಣವನ್ನು ತಡೆದುಕೊಳ್ಳುವಂತೆ ವಿಶೇಷವಾಗಿ ನಿರ್ಮಿಸಿದ ರ್‍ಯಾಡ್ 750 ಎಂಬ ಗಣಕ ಫಲಕದ ಬೆಲೆ ಸುಮಾರು 2 ಲಕ್ಷ ಡಾಲರ್ ಎಂದು ವರದಿಯಾಗಿತ್ತು. ಮಂಗಳನ ಮೇಲೆ ಇಳಿದ ಕ್ಯೂರಿಯಾಸಿಟಿ ಮತ್ತು ಪರ್ಸಿವಿಯರೆನ್ಸ್ ಗಾಲಿಬಂಡಿಗಳ ಮಿದುಳು ಇದೇ. ವೇಗದಲ್ಲಿ ಅದು ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲಿಗೂ ಸಮವಲ್ಲ, ಆದರೆ ವಿಕಿರಣದ ಹೊಡೆತಕ್ಕೆ ಅದು ಜಗ್ಗುವುದಿಲ್ಲ.

ಈ ಪದ್ಧತಿಯಲ್ಲಿ ಒಂದು ದೋಷವೂ ಇತ್ತು. ಅಮೆರಿಕದಲ್ಲಿ ಬಹುಪಾಲು ಗುತ್ತಿಗೆಗಳು ತಗಲಿದ ವೆಚ್ಚದ ಮೇಲೆ ಲಾಭವನ್ನು ಸೇರಿಸಿ ಕೊಡುವ ಕ್ರಮದಲ್ಲಿ ನಡೆಯುತ್ತಿದ್ದವು. ಹೀಗಾದಾಗ ವೆಚ್ಚವನ್ನು ತಗ್ಗಿಸುವ ಆಸೆ ಯಾರಿಗಿದ್ದೀತು? ಕೊಳ್ಳುವವನು ಸರಕಾರ ಒಬ್ಬನೇ, ವರ್ಷಕ್ಕೆ ಬೇಕಾದದ್ದು ಹತ್ತೋ ಇಪ್ಪತ್ತೋ ವಸ್ತುಗಳು ಮಾತ್ರ, ಪ್ರತಿಯೊಂದಕ್ಕೂ ಪ್ರತ್ಯೇಕ ಅಚ್ಚು, ಪ್ರತ್ಯೇಕ ಪರೀಕ್ಷೆ. ಬೆಲೆ ಏರುತ್ತಲೇ ಹೋದುದರಲ್ಲಿ ಆಶ್ಚರ್ಯವಿಲ್ಲ.

2006ರಲ್ಲಿ ನಾಸಾ ಬೇರೊಂದು ದಾರಿ ಹಿಡಿಯಿತು. ನಿಲ್ದಾಣಕ್ಕೆ ಸಾಮಾನು ಮುಟ್ಟಿಸುವ ಕೆಲಸವನ್ನು ಖಾಸಗಿಯವರಿಗೆ ವಹಿಸಿ, ಹಣವನ್ನು ಮೊದಲೇ ನಿಗದಿಪಡಿಸಿ, ಒಂದೊಂದು ಹಂತ ಮುಗಿದಾಗ ಒಂದೊಂದು ಕಂತು ಕೊಡುವ ಏರ್ಪಾಡು ಮಾಡಿತು. ಅದಕ್ಕಿಂತ ಹೆಚ್ಚಾದುದನ್ನು ಸಂಸ್ಥೆಯೇ ಭರಿಸಬೇಕು. ಇದರ ಪರಿಣಾಮವನ್ನು ನಾಸಾದವರೇ 2011ರಲ್ಲಿ ಲೆಕ್ಕ ಹಾಕಿದರು. ಫಾಲ್ಕನ್ 9 ರಾಕೆಟ್ಟನ್ನು ಹಳೆಯ ಕ್ರಮದಲ್ಲಿ ರೂಪಿಸಿದ್ದರೆ ಸುಮಾರು 400 ಕೋಟಿ ಡಾಲರ್ ಬೇಕಾಗುತ್ತಿತ್ತೆಂದು ಅವರ ಅಂದಾಜು ಹೇಳಿತು. ಸ್ಪೇಸ್‌ಎಕ್ಸ್ ನಿಜವಾಗಿ ವ್ಯಯಿಸಿದ್ದು ಸುಮಾರು 30 ಕೋಟಿ ಡಾಲರ್. ಅದೇ ಸಂಸ್ಥೆಯ ಡ್ರ್ಯಾಗನ್ ನೌಕೆಯು 2012ರ ಮೇ ತಿಂಗಳಲ್ಲಿ ನಿಲ್ದಾಣವನ್ನು ಸೇರಿ, ಅಲ್ಲಿಗೆ ತಲುಪಿದ ಮೊದಲ ಖಾಸಗಿ ನೌಕೆಯೆನಿಸಿತು.

ಮರಳಿ ಬಂದ ವಸ್ತು

ಬೆಲೆಯ ಇಳಿಕೆಗಿಂತಲೂ ದೊಡ್ಡ ಬದಲಾವಣೆಯೊಂದು ಮುಂದೆ ಕಾದಿತ್ತು. ರಾಕೆಟ್ಟಿನ ಕೆಳಹಂತವು ತನ್ನ ಕೆಲಸ ಮುಗಿಸಿ ಸಮುದ್ರಕ್ಕೆ ಬಿದ್ದು ಹಾಳಾಗುವುದೇ ಅಂದಿನವರೆಗಿನ ವಾಡಿಕೆ. 2015ರ ಡಿಸೆಂಬರಿನಲ್ಲಿ ಫಾಲ್ಕನ್ 9ರ ಕೆಳಹಂತವು ಉಪಗ್ರಹಗಳನ್ನು ಮೇಲಕ್ಕೆ ಕಳುಹಿಸಿ, ತಾನು ತಿರುಗಿ ಬಂದು ನೆಲದ ಮೇಲೆ ನೆಟ್ಟಗೆ ನಿಂತಿತು. 2017ರ ಮಾರ್ಚಿಯಲ್ಲಿ, ಒಮ್ಮೆ ಹಾರಿ ಬಂದ ಅಂಥ ಬೂಸ್ಟರನ್ನೇ ಎರಡನೆಯ ಬಾರಿ ಹಾರಿಸಲಾಯಿತು. 2025ರ ಹೊತ್ತಿಗೆ ಒಂದೇ ಬೂಸ್ಟರು 30ಕ್ಕೂ ಹೆಚ್ಚು ಬಾರಿ ಹೋಗಿಬಂದಿತ್ತು. ಅಮೆರಿಕದ ಹಳೆಯ ಷಟಲ್ ನೌಕೆಯೂ ಮರಳಿ ಬರುತ್ತಿತ್ತೆಂಬುದು ನಿಜ. ಆದರೆ ಪ್ರತಿ ಯಾನದ ನಂತರ ಅದರ ದುರಸ್ತಿಗೆ ತಗಲುತ್ತಿದ್ದ ಕಾಲ ಮತ್ತು ಹಣ ಅಪಾರವಾಗಿತ್ತು.

ಎಂಜಿನಿಯರನ ದೃಷ್ಟಿಯಿಂದ ಇದು ಎಷ್ಟು ದೊಡ್ಡ ಮಾತು ಎಂಬುದನ್ನು ಸ್ವಲ್ಪ ಯೋಚಿಸಬೇಕು. ಒಮ್ಮೆ ಮಾತ್ರ ಉರಿಯಬೇಕಾದ ಎಂಜಿನ್ನಿನ ವಿನ್ಯಾಸ ಬೇರೆ, ಇಪ್ಪತ್ತು ಬಾರಿ ಉರಿದು ಆರಬೇಕಾದ ಎಂಜಿನ್ನಿನ ವಿನ್ಯಾಸ ಬೇರೆ. ತಂತಿಯೊಂದನ್ನು ಒಂದು ಸಲ ಬಗ್ಗಿಸಿದರೆ ಅದು ಮುರಿಯುವುದಿಲ್ಲ, ಅದೇ ಜಾಗದಲ್ಲಿ ಹತ್ತು ಸಲ ಬಗ್ಗಿಸಿದರೆ ಮುರಿಯುತ್ತದೆ. ಲೋಹಕ್ಕೂ ಆಯಾಸವಿದೆ. ಮರ್ಲಿನ್ ಎಂಬ ಎಂಜಿನ್ನಿನ ಪಂಪಿನ ಟರ್ಬೈನು ಚಕ್ರದಲ್ಲಿ ಸಣ್ಣ ಬಿರುಕುಗಳು ಕಾಣಿಸಿಕೊಂಡಾಗ, ಮನುಷ್ಯರನ್ನು ಒಯ್ಯುವ ಯಾನಕ್ಕೆ ಇದು ಸಲ್ಲದೆಂದು ನಾಸಾ ಹೇಳಿತು. ಸಂಸ್ಥೆಯು ಆ ಚಕ್ರವನ್ನು ಹೊಸದಾಗಿ ರೂಪಿಸಬೇಕಾಯಿತು. ಬೂಸ್ಟರು ಕೆಳಗಿಳಿಯುವಾಗ ದಿಕ್ಕು ಹಿಡಿಯಲು ಅದರ ಮೇಲ್ಭಾಗದಲ್ಲಿ ಜಾಲರಿಯಂಥ ನಾಲ್ಕು ರೆಕ್ಕೆಗಳಿರುತ್ತವೆ. ಮೊದಲು ಅವನ್ನು ಅಲ್ಯುಮಿನಿಯಮ್ಮಿನಿಂದ ಮಾಡಿ, ಮೇಲೆ ಶಾಖನಿರೋಧಕ ಲೇಪ ಬಳಿಯುತ್ತಿದ್ದರು. ವಾಯುಮಂಡಲದ ಘರ್ಷಣೆಯಲ್ಲಿ ಅವು ಕೆಲವೊಮ್ಮೆ ಹೊತ್ತಿಕೊಳ್ಳುತ್ತಿದ್ದವು. 2017ರ ಜೂನಿನಿಂದ ಟೈಟೇನಿಯಮ್ಮಿನ ರೆಕ್ಕೆಗಳು ಬಂದವು. ಟೈಟೇನಿಯಂ ದುಬಾರಿ ಲೋಹ. ಸಮುದ್ರದ ಪಾಲಾಗುವ ರಾಕೆಟ್ಟಿಗೆ ಅದನ್ನು ತೊಡಿಸುವುದು ದುಂದುಗಾರಿಕೆ, ಮತ್ತೆ ಮತ್ತೆ ಹಾರುವ ರಾಕೆಟ್ಟಿಗೆ ತೊಡಿಸುವುದು ಉಳಿತಾಯ. ಮದುವೆಯ ಮಂಟಪಕ್ಕೆ ಹಾಕುವ ಚಪ್ಪರದ ಕಂಬವನ್ನೂ ಮನೆಯ ತೊಲೆಯನ್ನೂ ನಾವು ಒಂದೇ ಲೆಕ್ಕದಲ್ಲಿ ಕೊಳ್ಳುವುದಿಲ್ಲವಷ್ಟೆ.

ಮರಳಿ ಬಂದ ವಸ್ತುವಿನಿಂದ ಇನ್ನೊಂದು ಲಾಭವುಂಟು. ಹಿಂದೆ ಎಂಜಿನಿಯರನು ತನ್ನ ವಸ್ತು ಮೇಲೆ ಏನೇನು ಅನುಭವಿಸಿತೆಂಬುದನ್ನು ಬರಿಯ ಅಂಕಿಗಳಿಂದ ಊಹಿಸಬೇಕಾಗಿತ್ತು. ಈಗ ಅದು ಅವನ ಮೇಜಿನ ಮೇಲೆಯೇ ಇರುತ್ತದೆ. ಎಲ್ಲಿ ಸವೆದಿದೆ, ಎಲ್ಲಿ ಮಸಿ ಹಿಡಿದಿದೆ, ಎಲ್ಲಿ ಗೆರೆ ಬಿದ್ದಿದೆ ಎಂಬುದನ್ನು ಕಣ್ಣಾರೆ ನೋಡಿ ಮುಂದಿನದನ್ನು ತಿದ್ದಬಹುದು. ಕಾಗದದ ವಂಶಾವಳಿಯ ಸ್ಥಾನದಲ್ಲಿ ಅನುಭವದ ಸಾಕ್ಷಿ ಬಂದಿದೆ. ನಮ್ಮ ದೃಷ್ಟಿಯಲ್ಲಿ ಈ ಹೊಸ ಕಾಲದ ಎಲ್ಲ ಬದಲಾವಣೆಗಳಲ್ಲಿ ಅತ್ಯಂತ ಶ್ಲಾಘನೀಯವಾದುದು ಇದು.

ಒಂದು ಕೊಂಡಿಯ ಕಥೆ

ಆದರೆ ಇದೇ ಸಂಸ್ಥೆಯ ಚರಿತ್ರೆಯಲ್ಲಿ ಒಂದು ಕಹಿಯಾದ ಅಧ್ಯಾಯವೂ ಇದೆ. ಅದನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಅಗ್ಗದ ವಸ್ತುವಿನ ಗುಣದೋಷಗಳೆರಡೂ ಅದರಲ್ಲಿ ಅಡಗಿವೆ.

2015ರ ಜೂನ್ 28ರಂದು ಫ್ಲಾರಿಡಾದ ಕೇಪ್ ಕೆನವರಲ್‌ನಿಂದ ಫಾಲ್ಕನ್ 9 ರಾಕೆಟ್ಟೊಂದು ನಿಲ್ದಾಣಕ್ಕೆ ಸಾಮಾನು ಹೊತ್ತು ಮೇಲೇರಿತು. 139 ಸೆಕೆಂಡುಗಳ ಹೊತ್ತು ಎಲ್ಲವೂ ಸರಿಯಾಗಿತ್ತು. ಅನಂತರ ಅದರ ಮೇಲಿನ ಹಂತ ಇದ್ದಕ್ಕಿದ್ದಂತೆ ಒಡೆದು, ರಾಕೆಟ್ಟು ಚೂರುಚೂರಾಯಿತು. ನೌಕೆಗಳು ನಿಲ್ದಾಣಕ್ಕೆ ಅಂಟಿಕೊಳ್ಳಲು ಬೇಕಾಗಿದ್ದ ಬೆಲೆಬಾಳುವ ಜೋಡಣೆಯ ಉಂಗುರವೂ ನಾಶವಾಯಿತು. ತುದಿಯಲ್ಲಿದ್ದ ಡ್ರ್ಯಾಗನ್ ನೌಕೆ ಮಾತ್ರ ಇಡಿಯಾಗಿಯೇ ಬೇರ್ಪಟ್ಟಿತ್ತು. ಅದರ ಗಣಕಕ್ಕೆ ಇಂಥ ಸಮಯದಲ್ಲಿ ಹಾರುಕೊಡೆ ಬಿಚ್ಚಬೇಕೆಂದು ಯಾರೂ ಕಲಿಸಿರಲಿಲ್ಲವಾದ್ದರಿಂದ ಅದೂ ಸಮುದ್ರಕ್ಕೆ ಬಡಿದು ಹಾಳಾಯಿತು. ಆ ಯಾನದಲ್ಲಿ ಮನುಷ್ಯರಿರಲಿಲ್ಲವೆಂಬುದೊಂದೇ ಸಮಾಧಾನ.

ಕಾರಣವನ್ನು ಹುಡುಕಿದಾಗ ಬೆರಳು ತೋರಿದ್ದು ಒಂದು ಕೊಂಡಿಯ ಕಡೆಗೆ. ಮೇಲಿನ ಹಂತದ ದ್ರವ ಆಮ್ಲಜನಕದ ತೊಟ್ಟಿಯೊಳಗೆ, ಹೀಲಿಯಂ ಅನಿಲವನ್ನು ಭಾರೀ ಒತ್ತಡದಲ್ಲಿ ತುಂಬಿದ ಕೆಲವು ಸೀಸೆಗಳಿರುತ್ತವೆ. ಇಂಧನ ಖಾಲಿಯಾದಂತೆಲ್ಲ ತೊಟ್ಟಿಯ ಒತ್ತಡ ತಗ್ಗದಂತೆ ಕಾಯುವುದು ಆ ಹೀಲಿಯಮ್ಮಿನ ಕೆಲಸ. ನೀರಿನೊಳಗೆ ಅದುಮಿ ಹಿಡಿದ ಖಾಲಿ ತಂಬಿಗೆ ಮೇಲಕ್ಕೆ ಪುಟಿಯಲು ಹವಣಿಸುವಂತೆ, ಆ ಸೀಸೆಗಳೂ ದ್ರವದೊಳಗೆ ಮೇಲಕ್ಕೆ ತಳ್ಳಲ್ಪಡುತ್ತವೆ. ರಾಕೆಟ್ಟು ವೇಗವರ್ಧಿಸಿದಷ್ಟೂ ಈ ತಳ್ಳುವಿಕೆ ಹೆಚ್ಚುತ್ತದೆ. ಅವನ್ನು ಅದುಮಿ ಹಿಡಿದಿದ್ದುದು ಉಕ್ಕಿನ ಸಣ್ಣ ಊರೆಗಳು. ಸುಮಾರು 10,000 ಪೌಂಡು ಬಲವನ್ನು ತಾಳಬೇಕಾಗಿದ್ದ ಊರೆಯೊಂದು 2,000 ಪೌಂಡಿಗೇ ಮುರಿಯಿತೆಂದು ಸಂಸ್ಥೆಯು ಪ್ರಕಟಿಸಿತು. ಸೀಸೆ ಕಿತ್ತು ಮೇಲಕ್ಕೆ ಚಿಮ್ಮಿತು, ಹೀಲಿಯಂ ಹೊರನುಗ್ಗಿತು, ತೊಟ್ಟಿ ಸಿಡಿಯಿತು. ತಮಗೆ ಊರೆ ಒದಗಿಸಿದವರ ಮಾಲು ಕಳಪೆಯಾಗಿತ್ತೆಂಬುದು ಸಂಸ್ಥೆಯ ವಾದವಾಗಿತ್ತು.

ನಾಸಾದ ಸ್ವತಂತ್ರ ತನಿಖಾ ತಂಡಕ್ಕೆ ಈ ವಾದ ಪೂರ್ಣವಾಗಿ ಒಪ್ಪಿಗೆಯಾಗಲಿಲ್ಲ. 2018ರಲ್ಲಿ ಹೊರಬಂದ ಅದರ ಸಾರಾಂಶವು ಕಾರಣವನ್ನು ಇನ್ನೂ ಆಳದಲ್ಲಿ ಹುಡುಕಿತು. ಊರೆಯ ತುದಿಯ ಕೊಂಡಿಯು ಸ್ಟೇನ್‌ಲೆಸ್ ಉಕ್ಕಿನ ಎರಕದ ತುಂಡು. ಅದು ವಿಮಾನ ಅಥವಾ ಬಾಹ್ಯಾಕಾಶದ ದರ್ಜೆಯದಲ್ಲ, ಸಾಧಾರಣ ಕೈಗಾರಿಕೆಗಳ ದರ್ಜೆಯದು. ಇಂಥ ತುಂಡನ್ನು ಬಳಸುವವರು ಬೇಕಾದುದಕ್ಕಿಂತ ನಾಲ್ಕು ಪಟ್ಟು ಬಲದ ಅಂತರವಿಟ್ಟುಕೊಳ್ಳಬೇಕೆಂದು ಅದನ್ನು ತಯಾರಿಸಿದವರೇ ಸೂಚಿಸಿದ್ದರು. ಒಂದು ಕ್ವಿಂಟಾಲಿನ ಭಾರವನ್ನು ಎತ್ತಬೇಕಾದ ಹಗ್ಗ ನಾಲ್ಕು ಕ್ವಿಂಟಾಲು ತಾಳುವಂತಿರಲಿ ಎಂಬಂತೆ. ಆ ಸೂಚನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದ್ರವ ಆಮ್ಲಜನಕದ ಕಡುಶೀತದಲ್ಲಿ, ಹಾರಾಟದ ಭಾರದಲ್ಲಿ ಆ ಎರಕ ಹೇಗೆ ವರ್ತಿಸುತ್ತದೆಂದು ಸಾಕಷ್ಟು ಪರೀಕ್ಷೆಯನ್ನೂ ನಡೆಸಿರಲಿಲ್ಲ. ಆದ್ದರಿಂದ ಇದು ವಿನ್ಯಾಸದಲ್ಲೇ ಆದ ತಪ್ಪೆಂದು ನಾಸಾದ ತಂಡ ತೀರ್ಮಾನಿಸಿತು.

ಬೆಳಗಾವಿ, ಶಿವಮೊಗ್ಗಗಳ ಎರಕದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಓದುಗರಿಗೆ ಈ ಮಾತು ಚೆನ್ನಾಗಿ ಅರ್ಥವಾದೀತು. ಎರಕದ ತುಂಡಿನ ಹೊರಮೈ ಎಷ್ಟೇ ನುಣುಪಾಗಿದ್ದರೂ ಒಳಗೆ ಗಾಳಿಯ ಗುಳ್ಳೆ ಇರಬಹುದು, ಲೋಹದ ಕಣಗಳು ಒರಟಾಗಿ ಕೂಡಿರಬಹುದು. ನೂರು ತುಂಡುಗಳು ಒಂದೇ ಅಚ್ಚಿನಿಂದ ಬಂದರೂ ತೊಂಬತ್ತೊಂಬತ್ತು ಗಟ್ಟಿಯಾಗಿದ್ದು ಒಂದು ಪೊಳ್ಳಾಗಿರಬಹುದು. ನಮ್ಮ ಮನೆಗಳಲ್ಲಿ ಮಡಕೆ ಕೊಳ್ಳುವಾಗ ಕುಂಬಾರನ ಒಳ್ಳೆಯ ಹೆಸರನ್ನು ನಂಬುತ್ತಲೇ, ಪ್ರತಿಯೊಂದು ಮಡಕೆಯನ್ನೂ ಬೆರಳಿನಿಂದ ತಟ್ಟಿ ನಾದವನ್ನು ಕೇಳಿಯೇ ಕೊಳ್ಳುತ್ತಿದ್ದೆವು. ಹಳೆಯ ಪದ್ಧತಿಯವರು ಕುಂಬಾರನ ವಂಶಾವಳಿಯನ್ನೂ ಕೇಳಿದರು, ಮಡಕೆಯನ್ನೂ ತಟ್ಟಿದರು, ಅದಕ್ಕೆ ಐವತ್ತು ಪಟ್ಟು ಬೆಲೆಯನ್ನೂ ತೆತ್ತರು. ಹೊಸಬರು ವಂಶಾವಳಿಯನ್ನು ಬಿಟ್ಟದ್ದು ಸರಿಯೇ ಇದ್ದೀತು. ಆ ಒಂದು ಕೊಂಡಿಯ ವಿಷಯದಲ್ಲಿ ಅವರು ತಟ್ಟುವುದನ್ನೂ ಮರೆತದ್ದು ದುಬಾರಿಯಾಯಿತು. ಅಪಘಾತದ ನಂತರ ಸಂಸ್ಥೆಯವರು ಅದೇ ಬಗೆಯ ಸಾವಿರಾರು ಊರೆಗಳನ್ನು ಪರೀಕ್ಷಿಸಿದಾಗ, ಹೇಳಿದ ಬಲಕ್ಕಿಂತ ಬಹಳ ಮೊದಲೇ ಮುರಿಯುವ ಕೆಲವು ಅವರ ಕೈಗೇ ಸಿಕ್ಕವು.

ಮರುವರ್ಷ, 2016ರ ಸೆಪ್ಟೆಂಬರ್ 1ರಂದು, ಇಂಥದೇ ಹೀಲಿಯಂ ಸೀಸೆಯ ಒಳಪದರದ ಸುಕ್ಕುಗಳಲ್ಲಿ ಆಮ್ಲಜನಕ ಸಿಕ್ಕಿಕೊಂಡು ಹೊತ್ತಿ, ಉಡಾವಣಾ ವೇದಿಕೆಯ ಮೇಲೆಯೇ ಇನ್ನೊಂದು ರಾಕೆಟ್ಟು ಇಸ್ರೇಲಿನ ಉಪಗ್ರಹದೊಡನೆ ಭಸ್ಮವಾಯಿತು. ಈ ಎರಡು ಪೆಟ್ಟುಗಳ ಅನಂತರವೇ ಸಂಸ್ಥೆಯ ಪರೀಕ್ಷಾ ಕ್ರಮಗಳು ಬಿಗಿಯಾದವು.

ಇಷ್ಟೆಂದ ಮಾತ್ರಕ್ಕೆ ಹಳೆಯ ದುಬಾರಿ ಪದ್ಧತಿಯು ಪ್ರಾಣಕ್ಕೆ ಪೂರ್ಣ ಭರವಸೆ ಕೊಟ್ಟಿತ್ತೆಂದು ಭಾವಿಸಬಾರದು. 1986ರಲ್ಲಿ ಚಾಲೆಂಜರ್ ನೌಕೆಯ ಏಳು ಮಂದಿಯನ್ನು ಬಲಿ ತೆಗೆದುಕೊಂಡುದು ಚಳಿಗೆ ಬಿರುಸಾದ ಒಂದು ರಬ್ಬರಿನ ಬಳೆ. 2003ರಲ್ಲಿ ನಮ್ಮ ಕಲ್ಪನಾ ಚಾವ್ಲಾ ಅವರಿದ್ದ ಕೊಲಂಬಿಯಾ ನೌಕೆಯ ರೆಕ್ಕೆಯನ್ನು ತೂತು ಮಾಡಿದ್ದು ಇಂಧನ ತೊಟ್ಟಿಯಿಂದ ಕಳಚಿದ ಹಗುರವಾದ ನೊರೆಯ ತುಂಡು. ಎರಡು ಸಲವೂ ಕಾಗದಪತ್ರಗಳಿಗೆ ಕೊರತೆಯಿರಲಿಲ್ಲ.

ಸಂಖ್ಯೆಯ ಲೆಕ್ಕಾಚಾರ

ಎಲೆಕ್ಟ್ರಾನಿಕ್ ವಸ್ತುಗಳ ಕ್ಷೇತ್ರದಲ್ಲಿ ಈ ಹೊಸ ಮನೋಭಾವ ಇನ್ನೂ ದೂರ ಹೋಗಿದೆ. 2013ರಲ್ಲಿ ನಾಸಾದವರೇ ಅಂಗಡಿಯಿಂದ ಕೊಂಡ ಮೊಬೈಲು ಫೋನುಗಳನ್ನು ಮಿದುಳಾಗಿಸಿ ಪುಟ್ಟ ಉಪಗ್ರಹಗಳನ್ನು ಹಾರಿಸಿದರು. ಮಂಗಳನ ಮೇಲೆ 2021ರಿಂದ 2024ರವರೆಗೆ 72 ಬಾರಿ ಹಾರಿದ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರಿನಲ್ಲಿದ್ದುದೂ ಮೊಬೈಲಿನ ಸಂಸ್ಕಾರಕವೇ. ಅದರಿಂದ ನಿರೀಕ್ಷಿಸಿದ್ದು ಐದು ಹಾರಾಟಗಳನ್ನು ಮಾತ್ರ! ಡ್ರ್ಯಾಗನ್ ನೌಕೆಯಲ್ಲಿಯೂ ವಿಕಿರಣಕ್ಕೆ ಜಗ್ಗದ ಒಂದು ದುಬಾರಿ ಗಣಕದ ಬದಲು ಸಾಧಾರಣ ಗಣಕಗಳು ಹಲವನ್ನು ಇಡಲಾಗಿದೆ. ಅವು ತಮ್ಮ ಉತ್ತರಗಳನ್ನು ಪರಸ್ಪರ ತಾಳೆ ನೋಡುತ್ತವೆ. ಒಂದು ದಾರಿ ತಪ್ಪಿದರೆ ಉಳಿದವು ಅದನ್ನು ಬದಿಗಿಟ್ಟು ಕೆಲಸ ಮುಂದುವರಿಸುತ್ತವೆ.

ಸ್ಟಾರ್‌ಲಿಂಕ್ ಉಪಗ್ರಹಗಳು ಕಾರ್ಖಾನೆಯಲ್ಲಿ ವಾಹನಗಳಂತೆ ಸಾಲುಸಾಲಾಗಿ ತಯಾರಾಗುತ್ತವೆ. 2022ರ ಫೆಬ್ರವರಿಯಲ್ಲಿ ಒಂದೇ ಉಡಾವಣೆಯ 49 ಉಪಗ್ರಹಗಳಲ್ಲಿ 38 ಸೌರಬಿರುಗಾಳಿಯ ಪರಿಣಾಮಕ್ಕೆ ಸಿಕ್ಕಿ ಉರಿದುಹೋದವು. ಬೇರೆ ದೇಶವಾಗಿದ್ದರೆ ಒಂದೇ ಉಪಗ್ರಹ ಹೋದರೂ ಸಂಸತ್ತಿನಲ್ಲಿ ಪ್ರಶ್ನೆಗಳೇಳುತ್ತಿದ್ದವು. ಇಲ್ಲಿ ಕೆಲವೇ ವಾರಗಳಲ್ಲಿ ಬೇರೆಯವು ಅವುಗಳ ಸ್ಥಾನಕ್ಕೆ ಬಂದವು. ಕೆಲವು ಹೋದರೆ ಹೋಗಲಿ, ಒಟ್ಟು ಕೆಲಸ ನಡೆದರೆ ಸಾಕೆಂಬ ಈ ಧೋರಣೆ ಉದ್ಯಮಕ್ಕೆ ಹಿತವೇನೋ ಸರಿ. ಭೂಮಿಯ ಸುತ್ತಲಿನ ಕಕ್ಷೆಗಳಲ್ಲಿ ತುಂಬುತ್ತಿರುವ ಕಸದ ವಿಷಯದಲ್ಲಿ ಅದೇ ಧೋರಣೆಯನ್ನು ನಾವು ಒಪ್ಪಲಾರೆವು. ಆ ಮಾತನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ.

ಪುಡಿಯಿಂದ ಮೂಡಿದ ಎಂಜಿನ್

ಬೆಂಗಳೂರಿನವರಿಗೆ ನೇರವಾಗಿ ಸಂಬಂಧಿಸಿದ ಬದಲಾವಣೆ ಮತ್ತೊಂದಿದೆ. ಅದೇ ಲೋಹದ ಮೂರು ಆಯಾಮದ ಮುದ್ರಣ. ಲೋಹದ ನುಣ್ಣನೆಯ ಪುಡಿಯನ್ನು ತೆಳುವಾಗಿ ಹರಡಿ, ಬೇಕಾದ ಜಾಗವನ್ನು ಮಾತ್ರ ಲೇಸರ್ ಕಿರಣದಿಂದ ಕರಗಿಸಿ, ಮೇಲೆ ಮತ್ತೊಂದು ಪದರ ಹರಡಿ, ಹೀಗೆ ಸಾವಿರಾರು ಪದರಗಳಲ್ಲಿ ವಸ್ತುವನ್ನು ಮೂಡಿಸುವ ವಿದ್ಯೆ ಇದು. 2014ರ ಜನವರಿಯಲ್ಲಿ ಸ್ಪೇಸ್‌ಎಕ್ಸ್ ಹೀಗೆ ಮುದ್ರಿಸಿದ ಕವಾಟವೊಂದನ್ನು ಎಂಜಿನ್ನಿನಲ್ಲಿಟ್ಟು ಹಾರಿಸಿತು. ಎರಕದ ಕ್ರಮದಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕವಾಟ ಎರಡು ದಿನಗಳೊಳಗೆ ಸಿದ್ಧವಾಗಿತ್ತು. ನ್ಯೂಜಿಲೆಂಡಿನಿಂದ ಹಾರುವ ಎಲೆಕ್ಟ್ರಾನ್ ಎಂಬ ಸಣ್ಣ ರಾಕೆಟ್ಟಿನ ಎಂಜಿನ್ನುಗಳ ಮುಖ್ಯಭಾಗಗಳೆಲ್ಲ ಮುದ್ರಿತವಾದುವೇ. ಅವುಗಳ ಪಂಪುಗಳು ನಡೆಯುವುದು ಬ್ಯಾಟರಿಯಿಂದ. 2018ರ ಜನವರಿಯಲ್ಲಿ ಅದು ಮೊದಲ ಬಾರಿ ಕಕ್ಷೆ ಸೇರಿತು. ನಮ್ಮಲ್ಲಿ ಚೆನ್ನೈನ ಅಗ್ನಿಕುಲ್ ಸಂಸ್ಥೆಯು 2024ರ ಮೇ 30ರಂದು ಒಂದೇ ತುಂಡಾಗಿ ಮುದ್ರಿಸಿದ ಎಂಜಿನ್ನಿನ ರಾಕೆಟ್ಟನ್ನು ಶ್ರೀಹರಿಕೋಟಾದಿಂದ ಹಾರಿಸಿ ಪರೀಕ್ಷಿಸಿತು.

ನಮ್ಮ ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನ್ನಿನ ಕಥೆಯೂ ಹೀಗೆಯೇ. ಇಸ್ರೋ ಅದನ್ನು ಮುದ್ರಣಕ್ಕೆ ಒಗ್ಗುವಂತೆ ಹೊಸದಾಗಿ ವಿನ್ಯಾಸ ಮಾಡಿತು, ಬೆಂಗಳೂರಿನ ವಿಪ್ರೋ ಸಂಸ್ಥೆಯ ಮುದ್ರಣ ವಿಭಾಗವು ಅದನ್ನು ತಯಾರಿಸಿತು. ಹದಿನಾಲ್ಕು ತುಂಡುಗಳಿದ್ದಲ್ಲಿ ಈಗ ಒಂದೇ ತುಂಡು. ಹತ್ತೊಂಬತ್ತು ಬೆಸುಗೆಗಳು ಇಲ್ಲವಾದವು. ಹಳೆಯ ಕ್ರಮದಲ್ಲಿ ಒಂದು ಎಂಜಿನ್ನಿಗೆ 565 ಕಿಲೋ ಲೋಹದ ಗಟ್ಟಿಗಳೂ ತಗಡುಗಳೂ ಬೇಕಾಗುತ್ತಿದ್ದವು. ಹೊಸ ಕ್ರಮದಲ್ಲಿ 13.7 ಕಿಲೋ ಲೋಹದ ಪುಡಿ ಸಾಕು! ತಯಾರಿಕೆಯ ಕಾಲದಲ್ಲಿ ನೂರಕ್ಕೆ ಅರವತ್ತರಷ್ಟು ಉಳಿತಾಯ. 2024ರ ಮೇ 9ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಈ ಎಂಜಿನ್ನನ್ನು 665 ಸೆಕೆಂಡುಗಳ ಕಾಲ ಉರಿಸಿ ನೋಡಲಾಯಿತು, ಅದು ಪರೀಕ್ಷೆಯಲ್ಲಿ ಗೆದ್ದಿತು.

ಹತ್ತೊಂಬತ್ತು ಬೆಸುಗೆಗಳು ಇಲ್ಲವಾದವು ಎಂಬ ವಾಕ್ಯವನ್ನು ನಾವು ಸಂತೋಷದಿಂದಲೇ ಬರೆದೆವು, ಆದರೆ ಅದರ ಹಿಂದೆ ಬೆಸುಗೆಗಾರರ ಕೈಗಳಿವೆ ಎಂಬುದನ್ನು ಮರೆಯಲಾಗದು. ಬಾಹ್ಯಾಕಾಶ ದರ್ಜೆಯ ಬೆಸುಗೆ ಹಾಕುವುದು ವರ್ಷಗಳ ಸಾಧನೆಯಿಂದ ಬರುವ ಕಾಯಕ. ಉಸಿರು ಬಿಗಿಹಿಡಿದು ಎಳೆದ ಆ ಗೆರೆಯನ್ನು ಕ್ಷಕಿರಣದಲ್ಲಿ ನೋಡಿ ಒಪ್ಪಿದ ಮೇಲೆಯೇ ಅದು ಮುಂದಕ್ಕೆ ಹೋಗುತ್ತಿತ್ತು. ಆ ಕಾಯಕದ ಒಂದು ಭಾಗವನ್ನು ಯಂತ್ರ ತೆಗೆದುಕೊಂಡಿದೆ. ಅದರ ಸ್ಥಳದಲ್ಲಿ ಬೇರೆ ಕೆಲಸಗಳು ಹುಟ್ಟಿವೆ. ಮುದ್ರಿತ ತುಂಡಿನ ಒಳಗೆ ಕರಗದೆ ಉಳಿದ ಪುಡಿಯಿದೆಯೇ, ಕೂದಲೆಳೆಯಷ್ಟು ಸಂದು ಇದೆಯೇ ಎಂದು ನೋಡಲು, ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಮಾಡುವ ಸಿ.ಟಿ. ಸ್ಕ್ಯಾನನ್ನೇ ಲೋಹಕ್ಕೂ ಮಾಡಬೇಕಾಗುತ್ತದೆ. ಪುಡಿಯ ಕಣಗಳ ಗಾತ್ರ, ಅದಕ್ಕೆ ತಗಲಿದ ತೇವ, ಕಿರಣದ ವೇಗ, ತಣಿಯುವ ಬಗೆ, ಇವೆಲ್ಲ ಬಲ್ಲ ಲೋಹಶಾಸ್ತ್ರಜ್ಞರು ಬೇಕು. ತುಮಕೂರಿನ ಸಿದ್ಧಗಂಗೆಯಿಂದ ಬೆಳಗಾವಿಯ ಕೆ.ಎಲ್.ಇ.ವರೆಗೆ ನಮ್ಮ ಮಠಗಳೂ ಸಂಸ್ಥೆಗಳೂ ನಡೆಸುವ ಎಂಜಿನಿಯರಿಂಗ್ ಕಾಲೇಜುಗಳಿಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಗಣಕವಿಭಾಗವನ್ನಲ್ಲದೆ ಬೇರೊಂದನ್ನು ಬಯಸದಿರುವುದು ನಮಗೆ ವಿಚಿತ್ರವಾಗಿಯೇ ಕಾಣುತ್ತದೆ. ವಸ್ತುವನ್ನು ಪರೀಕ್ಷಿಸುವ ವಿದ್ಯೆಯನ್ನು ಕಲಿತವರಿಗೆ ಪೀಣ್ಯದಲ್ಲಿಯೂ ಕೆಲಸವಿದೆ, ಎಚ್.ಎ.ಎಲ್.ನ ಬಾಹ್ಯಾಕಾಶ ವಿಭಾಗದಲ್ಲಿಯೂ ಕೆಲಸವಿದೆ.

ಒಳಗೆ ಮನುಷ್ಯ ಕುಳಿತಾಗ

ಇನ್ನು ಉಳಿದದ್ದು ಅತ್ಯಂತ ಕಠಿಣವಾದ ಪ್ರಶ್ನೆ. ಒಳಗೆ ಮನುಷ್ಯನಿರುವಾಗ, ಈ ವಸ್ತು ಸಾಕು, ಹಾರಬಹುದು ಎಂದು ಹೇಳುವವರು ಯಾರು? ಸಾಲದು, ನಿಲ್ಲಿಸಿ ಎಂದು ಹೇಳುವವರು ಯಾರು?

2024ರ ಜೂನ್ 5ರಂದು ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಬೋಯಿಂಗ್ ಸಂಸ್ಥೆಯ ಸ್ಟಾರ್‌ಲೈನರ್ ನೌಕೆಯಲ್ಲಿ ನಿಲ್ದಾಣಕ್ಕೆ ಹೊರಟರು. ಎಂಟು ದಿನಗಳ ಪ್ರಯಾಣವೆಂದು ಎಣಿಸಲಾಗಿತ್ತು. ನಿಲ್ದಾಣ ಸಮೀಪಿಸುತ್ತಿರುವಾಗ ನೌಕೆಯ ಐದು ಪುಟ್ಟ ನೂಕುಯಂತ್ರಗಳು ಕೆಲಸ ನಿಲ್ಲಿಸಿದವು. ನೆಲದ ಮೇಲೆ ನಡೆದ ಪರೀಕ್ಷೆಗಳಲ್ಲಿ ಸಂಶಯ ಹೋದದ್ದು ಒಂದು ಚಿಕ್ಕ ಟೆಫ್ಲಾನ್ ಸೀಲಿನ ಕಡೆಗೆ. ನಮ್ಮ ಅಡುಗೆಮನೆಯ ಅಂಟದ ಕಾವಲಿಯ ಮೇಲಿರುವುದೂ ಟೆಫ್ಲಾನೇ. ಬಿಸಿಯೇರಿದಾಗ ಅದು ಉಬ್ಬಿ, ದ್ರವ ಹರಿಯುವ ದಾರಿಯನ್ನು ಕಿರಿದಾಗಿಸುತ್ತಿತ್ತು. ಸಂಸ್ಥೆಯವರಿಗೆ ತಮ್ಮ ನೌಕೆಯಲ್ಲಿ ವಿಶ್ವಾಸವಿತ್ತು. ನಾಸಾ ಮಾತ್ರ ಆಗಸ್ಟ್ 24ರಂದು ಬೇಡವೆಂದು ತೀರ್ಮಾನಿಸಿ, ಆ ನೌಕೆಯನ್ನು ಖಾಲಿಯಾಗಿಯೇ ಇಳಿಸಿಕೊಂಡಿತು. ಇಬ್ಬರು ಯಾತ್ರಿಗಳೂ 286 ದಿನಗಳ ಬಳಿಕ, 2025ರ ಮಾರ್ಚ್ 18ರಂದು, ಡ್ರ್ಯಾಗನ್ ನೌಕೆಯಲ್ಲಿ ಸುಖವಾಗಿ ಮರಳಿದರು.

ಮರುವರ್ಷದ ಪ್ರಸಂಗ ಭಾರತದ್ದೇ. ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರನ್ನು ನಿಲ್ದಾಣಕ್ಕೆ ಒಯ್ಯಬೇಕಾಗಿದ್ದುದು ಆಕ್ಸಿಯಂ ಎಂಬ ಖಾಸಗಿ ಸಂಸ್ಥೆಯ ಯಾನ, ಏರಿಸಬೇಕಾಗಿದ್ದುದು ಹಿಂದೆ ಒಮ್ಮೆ ಹಾರಿಬಂದ ಫಾಲ್ಕನ್ 9 ಬೂಸ್ಟರು. 2025ರ ಜೂನಿನಲ್ಲಿ ಅದನ್ನು ವೇದಿಕೆಯ ಮೇಲೆ ಏಳು ಸೆಕೆಂಡು ಉರಿಸಿ ನೋಡಿದಾಗ ದ್ರವ ಆಮ್ಲಜನಕ ಸೋರುತ್ತಿರುವುದು ಪತ್ತೆಯಾಯಿತು. ಹಿಂದಿನ ಹಾರಾಟದಲ್ಲಿಯೂ ಈ ಸೋರಿಕೆ ಇತ್ತು, ದುರಸ್ತಿಯ ಕಾಲದಲ್ಲಿ ಅದು ಪೂರ್ಣವಾಗಿ ಸರಿಹೋಗಿರಲಿಲ್ಲ ಎಂದು ಸ್ಪೇಸ್‌ಎಕ್ಸ್‌ನ ಹಿರಿಯ ಅಧಿಕಾರಿ ವಿಲಿಯಂ ಗರ್ಸ್ಟನ್‌ಮೈಯರ್ ಅವರೇ ತಿಳಿಸಿದರು. ಮರಳಿ ಬಂದ ವಸ್ತು ತನ್ನ ದೋಷವನ್ನು ಹೇಳಿಯೇ ಹೇಳುತ್ತದೆ, ಕೇಳುವ ಕಿವಿ ಇರಬೇಕಷ್ಟೆ.

ಆಗ ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಮತ್ತು ಅವರ ತಂಡ ಫ್ಲಾರಿಡಾದಲ್ಲಿಯೇ ಇದ್ದರು. ಸೋರಿಕೆಯನ್ನು ಸರಿಪಡಿಸಿ, ಅದು ಸರಿಯಾಯಿತೆಂದು ಮತ್ತೆ ಪರೀಕ್ಷಿಸಿ ತೋರಿಸಿದ ಮೇಲೆಯೇ ಉಡಾವಣೆಯಾಗಬೇಕೆಂದು ಅವರು ಪಟ್ಟುಹಿಡಿದರು. ಜೂನ್ 11ರ ಉಡಾವಣೆ ಮುಂದಕ್ಕೆ ಹೋಯಿತು. ಆಮ್ಲಜನಕದ ಕೊಳವೆಯಲ್ಲಿ ಬಿರುಕು ಕಂಡುಬಂದಿತ್ತೆಂದು ನಾರಾಯಣನ್ ಅವರು ಆ ಬಳಿಕ ಹೇಳಿದರು. ಇಲ್ಲಿ ಭಾರತವು ಆಸನವನ್ನು ಹಣ ಕೊಟ್ಟು ಕೊಂಡ ಪ್ರಯಾಣಿಕನ ಸ್ಥಾನದಲ್ಲಿತ್ತು, ರಾಕೆಟ್ಟು ಪರರದ್ದು. ಆದರೂ ತನ್ನ ಮಗನನ್ನು ಕಳುಹಿಸುವ ಮನೆಯ ಹಿರಿಯರಂತೆ ಗಾಡಿಯ ಚಕ್ರವನ್ನು ಬಗ್ಗಿ ನೋಡುವ ಹಕ್ಕನ್ನು ನಮ್ಮವರು ಬಿಟ್ಟುಕೊಡಲಿಲ್ಲ. ರಾಕೆಟ್ಟಿನ ವಿದ್ಯೆಯನ್ನು ಐದಾರು ದಶಕಗಳಿಂದ ತಾವೇ ಕಲಿತು ಬಂದವರಿಗಲ್ಲದೆ ಬೇರೆಯವರಿಗೆ ಆ ಧೈರ್ಯ ಬರುವುದು ಕಷ್ಟ. ಮಾನವಯಾನವನ್ನು ಹಣಕ್ಕೆ ಮಾರುವ ಸಂಸ್ಥೆಗಳು ಹೆಚ್ಚಿದಂತೆಲ್ಲ, ಕೊಳ್ಳುವ ದೇಶಗಳಲ್ಲಿ ಇಂಥ ಪರೀಕ್ಷಕರು ಇರುವುದು ಇನ್ನಷ್ಟು ಅಗತ್ಯವಾಗಲಿದೆ.

ಕೊಳವೆಯ ದುರಸ್ತಿಯಾಯಿತು, ಮರುಪರೀಕ್ಷೆಯಾಯಿತು. ನಿಲ್ದಾಣದ ಒಂದು ಭಾಗದಲ್ಲಿ ಗಾಳಿ ಸೋರುವ ಬೇರೊಂದು ತೊಡಕೂ ಎದುರಾಗಿ ಇನ್ನಷ್ಟು ದಿನಗಳು ಕಳೆದವು. ಕೊನೆಗೆ ಜೂನ್ 25ರಂದು ಶುಕ್ಲಾ ಅವರೂ ಮೂವರು ಸಂಗಡಿಗರೂ ಮೇಲೇರಿದರು. ಅವರನ್ನು ಏರಿಸಿದ ಬೂಸ್ಟರು ಕೆಲವೇ ನಿಮಿಷಗಳಲ್ಲಿ ಫ್ಲಾರಿಡಾದ ನೆಲಕ್ಕೆ ಹಿಂತಿರುಗಿ ನಿಂತಿತು. ಜುಲೈ 15ರಂದು ನಾಲ್ವರೂ ಭೂಮಿಗೆ ಮರಳಿದರು.